ನಲಿಕಲಿ ಮಕ್ಕಳಿಗೆ ವರ್ಷವಿಡೀ ವಿಜ್ಞಾನ: ಯಾವ ತಿಂಗಳಿಗೆ ಏನು ಇಟ್ಟುಕೊಳ್ಳಬೇಕು?

ಕೆಂಪುಮಣ್ಣು ಟೀಚರ್ (ಪ್ರಶ್ನೆ)

ಚಿತ್ರದುರ್ಗ ಸೀಮೆಯ ಸರ್ಕಾರಿ ಶಾಲೆ. 1ರಿಂದ 3ನೇ ತರಗತಿ ಒಟ್ಟಿಗೆ ಕೂರುವ ನಲಿಕಲಿ ಕೊಠಡಿ, 23 ಮಕ್ಕಳು, ಶಿಕ್ಷಕಿ ನಾನೊಬ್ಬಳೇ. ಪರಿಸರ ಅಧ್ಯಯನದ ಕಾರ್ಡುಗಳು ಅವುಗಳ ಪಾಡಿಗೆ ನಡೆಯುತ್ತವೆ. ಅದರ ಜೊತೆಗೆ ವಾರಕ್ಕೆ 40 ನಿಮಿಷದ ಎರಡು ಅವಧಿಯನ್ನು ಮಕ್ಕಳು ಕೈಯಾರೆ ಮಾಡಿ ನೋಡುವ ವಿಜ್ಞಾನಕ್ಕೆ ಇಡಬೇಕು ಅಂತಿದ್ದೇನೆ. ಜೂನ್‌ನಿಂದ ಮಾರ್ಚ್‌ವರೆಗಿನ ಯೋಜನೆ ಈಗಲೇ ಬರೆದುಕೊಳ್ಳಬೇಕು.

ನೆಟ್‌ನಲ್ಲಿ ಸಿಗುವ ಪಟ್ಟಿಗಳು ಹಿಮ, ವಸಂತ, ಅಕ್ಟೋಬರ್‌ನಲ್ಲಿ ಎಲೆ ಉದುರುವುದು ಅಂತ ಶುರುವಾಗುತ್ತವೆ. ನಮ್ಮೂರಿಗೆ ಅವು ಒಗ್ಗುವುದಿಲ್ಲ. ಪಠ್ಯದ ಕ್ರಮದಲ್ಲೇ ಹೋದರೆ ಚಿಟ್ಟೆ ಪಾಠ ಬರುವಾಗ ಚಿಟ್ಟೆ ಇರುವುದಿಲ್ಲ, ಮಳೆ ಪಾಠ ಬರುವಾಗ ಮಳೆ ಇರುವುದಿಲ್ಲ. ಹಾಗಾಗಿ ಕೇಳುತ್ತಿರುವುದು: ಯಾವ ಕ್ರಮ ಸರಿ? ಮೂರು ತರಗತಿಗೂ ಒಂದೇ ಚಟುವಟಿಕೆ ಹೇಗೆ ಹೊಂದಿಸುವುದು? ಯಾವುದು ಕೈಕೊಡುತ್ತದೆ, ಯಾಕೆ? ದುಡ್ಡು ಖರ್ಚಾಗುವ ಸಾಮಾನು ಆದಷ್ಟು ಬೇಡ.

ನೆರಳುಕೋಲು

ಮೇಡಂ, ಪಾಠಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲು ಗೋಡೆಯ ಕ್ಯಾಲೆಂಡರ್ ತೆಗೆದುಕೊಳ್ಳಿ. ತಿಥಿ, ಮಳೆ ನಕ್ಷತ್ರ ಎರಡೂ ಇರುವಂಥದ್ದು. ಯಾವುದು ಯಾವಾಗ ಕಣ್ಣಿಗೆ ಸಿಗುತ್ತದೆ ಅಂತ ಮೊದಲು ಅದರಲ್ಲಿ ಗುರುತು ಹಾಕಿ. ಮುಳುಗು–ತೇಲು, ಅಯಸ್ಕಾಂತ, ಗಾಳಿ ತುಂಬಿದ ಲೋಟ, ಇವು ಯಾವತ್ತಾದರೂ ಆಗುತ್ತವೆ. ಅವನ್ನು ಕೊನೆಗೆ, ಖಾಲಿ ಉಳಿದ ವಾರಗಳಿಗೆ ತುಂಬಿ. ಇನ್ನೊಂದು: ಕಾಗದದ ಮೇಲೆ ಎಷ್ಟೇ ವಾರ ಕಂಡರೂ 24 ವಾರಕ್ಕಿಂತ ಹೆಚ್ಚು ಯೋಜನೆ ಮಾಡಬೇಡಿ. ಪ್ರತಿಭಾ ಕಾರಂಜಿ, ತರಬೇತಿ, ಜಾತ್ರೆ, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂತ ಉಳಿದದ್ದು ತಾನಾಗಿಯೇ ಹೋಗುತ್ತದೆ.

ನಿಮ್ಮ ಕಡೆಗೆ ಹೀಗೆ ಬರುತ್ತದೆ.

ಜೂನ್ ಕೊನೆ, ಜುಲೈ: ಗಾಳಿ. "ಜೂನ್ ಅಂದರೆ ಮಳೆ" ಅನ್ನುವುದು ಮಲೆನಾಡಿನ ಲೆಕ್ಕ. ಚಿತ್ರದುರ್ಗದಲ್ಲಿ ಆಷಾಢ ಅಂದರೆ ಗಾಳಿ. ಜೋಗಿಮಟ್ಟಿ ಸಾಲಿನ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಗಿರಗಿಟ್ಟಲೆ, ಗಾಳಿಪಟ, ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ಪ್ರಾರ್ಥನೆ ಹೊತ್ತಿಗೆ ಒಂದು ಬಟ್ಟೆ ಪಟ್ಟಿ ನೋಡಿ ಹೇಳುವುದು.

ಗಿರಗಿಟ್ಟಲೆಗೆ 15 ಸೆಂ.ಮೀ. ಚೌಕದ ಕಾಗದ. ನಾಲ್ಕು ಮೂಲೆಯಿಂದ ನಡುವಿನ ಕಡೆಗೆ ಕತ್ತರಿಸಿ, ನಡುವಿಗೆ ಎರಡೂವರೆ ಸೆಂ.ಮೀ. ಇರುವಾಗ ನಿಲ್ಲಿಸಿ. ಒಂದು ಬಿಟ್ಟು ಒಂದು ತುದಿ ನಡುವಿಗೆ ತಂದು ಗುಂಡುಸೂಜಿ ಚುಚ್ಚಿ. ತಿರುಗದಿದ್ದರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ಪತ್ರಿಕೆ ಕಾಗದ ಬಳಸಿ ಅದು ಜೋತುಬಿದ್ದಿದೆ (ಹಳೆ ಕ್ಯಾಲೆಂಡರ್ ಹಾಳೆಯೇ ಸರಿ), ಕತ್ತರಿ ತೀರ ಒಳಗೆ ಹೋಗಿದೆ, ಅಥವಾ ಕಾಗದಕ್ಕೂ ಕೋಲಿಗೂ ನಡುವೆ ಮಣಿ ಹಾಕಿಲ್ಲ. ಕೋಲಿಗೆ ಒಣಗಿದ ಜೋಳದ ದಂಟು. ಸೂಜಿ ಸಲೀಸಾಗಿ ಇಳಿಯುತ್ತದೆ, ಬಿದಿರಿನಂತೆ ಸೀಳುವುದಿಲ್ಲ. ಸೂಜಿಯ ಹಿಂದಿನ ತುದಿ ಬಗ್ಗಿಸಿ ಟೇಪು ಸುತ್ತುವುದು ನಿಮ್ಮ ಕೆಲಸ.

ಆಗಸ್ಟ್: ನೆರಳು. ಇದಕ್ಕೆ ನಿಮ್ಮ ಊರು ಅದೃಷ್ಟದ ಊರು. ಚಿತ್ರದುರ್ಗದ ಅಕ್ಷಾಂಶ ಸುಮಾರು 14.2 ಡಿಗ್ರಿ. ಸೂರ್ಯ ವರ್ಷಕ್ಕೆ ಎರಡು ಸಲ ನಿಮ್ಮ ನೆತ್ತಿಯ ಮೇಲೆ ನೇರ ಬರುತ್ತಾನೆ. ಒಂದು ಸಲ ಏಪ್ರಿಲ್ ಕೊನೆಗೆ, ಆಗ ರಜೆ. ಇನ್ನೊಂದು ಆಗಸ್ಟ್ 14–15ರ ಹೊತ್ತಿಗೆ, ಮಧ್ಯಾಹ್ನ 12.30ಕ್ಕೆ ಒಂದು ನಿಮಿಷ ಹಿಂದೆ ಮುಂದೆ. ಸ್ವಾತಂತ್ರ್ಯ ದಿನ ಧ್ವಜ ಹಾರಿಸಿ ಸಿಹಿ ಹಂಚಿ ಮುಗಿದ ಮೇಲೆ ಮಕ್ಕಳನ್ನು ಸ್ವಲ್ಪ ಹೊತ್ತು ಉಳಿಸಿಕೊಂಡರೆ ಅರ್ಧ ಮೀಟರಿನ ಕೋಲಿನ ನೆರಳು ಕಾಲಡಿಗೆ ಸೇರಿಹೋಗುವುದನ್ನು ತೋರಿಸಬಹುದು. ಮೋಡವಿದ್ದರೆ ಗಾಬರಿ ಬೇಡ. ಎರಡು ದಿನ ಆಚೀಚೆ ಆದರೂ ಆ ಕೋಲಿನ ನೆರಳು ಅರ್ಧ ಸೆಂ.ಮೀ. ಆಸುಪಾಸಿನಲ್ಲೇ ಇರುತ್ತದೆ, ಮಕ್ಕಳ ಕಣ್ಣಿಗೆ ಅದು ಇಲ್ಲವೆಂದೇ ಲೆಕ್ಕ. ಕೋಲು ನೇರ ನಿಂತಿರಬೇಕು, ಅಷ್ಟೇ. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು ಸರಿ ಮಾಡಿ. ವಾಲಿದ ಕೋಲಿಗೆ ಆ ದಿನವೂ ನೆರಳಿರುತ್ತದೆ, ಆಗ ಮಕ್ಕಳು ನಿಮ್ಮ ಮಾತನ್ನು ನಂಬುವುದಿಲ್ಲ, ನಂಬಲೂಬಾರದು.

ಅದೇ ಕೋಲನ್ನು ಅದೇ ಜಾಗದಲ್ಲಿ ಸೆಪ್ಟೆಂಬರ್ 23ರ ಸುಮಾರಿಗೆ ನಡು ಮಧ್ಯಾಹ್ನ ಅಳೆದರೆ ಸುಮಾರು 13 ಸೆಂ.ಮೀ. ನೆರಳು ಉತ್ತರಕ್ಕೆ. ಡಿಸೆಂಬರ್ 21ರ ಸುಮಾರಿಗೆ ಹತ್ತಿರ ಹತ್ತಿರ 39 ಸೆಂ.ಮೀ. ಮೂರು ದಿನದ ನೆರಳಿನಷ್ಟು ಉದ್ದದ ಮೂರು ದಾರ ಕತ್ತರಿಸಿ ಗೋಡೆಗೆ ಅಂಟಿಸಿ. "ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ" ಅನ್ನುವ ವಾಕ್ಯವನ್ನು ನೀವು ಹೇಳುವುದೇ ಬೇಕಾಗಿಲ್ಲ.

ದೀಪಾವಳಿ ಆದ ಮೇಲೆ: ಚಂದ್ರ. ದಸರಾ ರಜೆಯ ನಂತರ ಆಕಾಶ ತಿಳಿಯಾಗುವ ಹೊತ್ತು, ಅಮಾವಾಸ್ಯೆ ಯಾವತ್ತು ಅಂತ ಎಲ್ಲ ಮನೆಗೂ ಗೊತ್ತಿರುವ ಹೊತ್ತು. ಬಿದಿಗೆ–ತದಿಗೆಯಂದು ಸಂಜೆ ಪಶ್ಚಿಮದಲ್ಲಿ ಗೆರೆಯಂಥ ಚಂದ್ರ. ಅಲ್ಲಿಂದ ಹುಣ್ಣಿಮೆವರೆಗೆ ದಿನಾ ಸಂಜೆ ಮನೆಯಲ್ಲೇ ನೋಡಿ, ಬಳೆ ಇಟ್ಟು ಗೆರೆ ಎಳೆದ ವೃತ್ತದೊಳಗೆ ಬೆಳಗಿದ ಭಾಗಕ್ಕೆ ಬಣ್ಣ. ಇಲ್ಲಿ ಎಲ್ಲರೂ ಎಡವುವುದು ಹುಣ್ಣಿಮೆ ಆದ ಮೇಲೆ. ಚಂದ್ರ ಮೂಡುವುದು ದಿನದಿಂದ ದಿನಕ್ಕೆ ತಡವಾಗಿ ಮಕ್ಕಳು ಮಲಗಿಬಿಡುತ್ತಾರೆ, ಪುಸ್ತಕ ಅರ್ಧಕ್ಕೆ ನಿಲ್ಲುತ್ತದೆ. ಕೃಷ್ಣಪಕ್ಷದ ಷಷ್ಠಿಯಿಂದ ನವಮಿವರೆಗೆ ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ ಪಶ್ಚಿಮಕ್ಕೆ ತಿರುಗಿಸಿ, ಹಗಲು ಚಂದ್ರ ಅಲ್ಲೇ ಇರುತ್ತಾನೆ. "ಚಂದ್ರ ರಾತ್ರಿ ಮಾತ್ರ ಬರುತ್ತಾನೆ" ಅಂತ ಪುಸ್ತಕದಲ್ಲಿ ಬಣ್ಣ ತುಂಬಿದ್ದ ಮಕ್ಕಳ ಮುಖ ನೋಡಬೇಕು.

ಥರ್ಮಾಕೋಲ್ ಸೌರವ್ಯೂಹ ಮಾತ್ರ ಈ ವಯಸ್ಸಿಗೆ ಬೇಡ. ಎಂಟು ಉಂಡೆ, ಎಂಟು ಹೆಸರು, ಅಷ್ಟೇ ಉಳಿಯುವುದು.

ಎರಿಹೊಲ

ಮೇಡಂ, ನೆರಳುಕೋಲು ಅವರು ಹೇಳಿದ್ದು ಖರೆ ಅದ. ನಿಮ್ಮ ಕಡೆ ದೊಡ್ಡ ಮಳಿ ಉತ್ತರಿ, ಹಸ್ತ, ಚಿತ್ತಿ ಹೊತ್ತಿಗೇ, ಅಂದ್ರ ಸೆಪ್ಟೆಂಬರ್–ಅಕ್ಟೋಬರ್. ಆದ್ರ ಮಳೆಮಾಪಕ ಮಾತ್ರ ಜೂನ್ ಮೊದಲ ವಾರನ ಇಡ್ರಿ. ಸೊನ್ನಿ ಬರೆಯೋದೂ ಅಳತಿನ. "ಇವತ್ತು 0" ಅಂತ ಇಪ್ಪತ್ತು ದಿನ ಬರೆದ ಹುಡುಗ "12" ಬರೆಯೋ ದಿನ ಎಷ್ಟು ಹಿಗ್ಗತಾನ ನೋಡ್ರಿ.

ಎರಡು ಲೀಟರ್ ಬಾಟ್ಲಿ, ಗೋಡೆ ನೆಟ್ಟಗಿರೋದು. ನಡು ಸೊಂಟದಂಗ ಒಳಗ ಹೋಗಿದ್ದರ ಬ್ಯಾಡ. ಭುಜ ಮುಗಿದು ನೆಟ್ಟಗಾಗೋ ಜಾಗದಾಗ ಕತ್ತರಿಸಿ, ಮೇಲಿನ ತುಂಡು ಮುಚ್ಚಳ ತೆಗೆದು ಬೋರಲು ಮಾಡಿ ಒಳಗ ಕೂಡಸ್ರಿ. ತಳ ಉಬ್ಬು ತಗ್ಗು ಇರತದ, ಅಲ್ಲಿಂದ ಅಳತಿ ಶುರು ಮಾಡಿದ್ರ ಎಲ್ಲಾ ತಪ್ಪು. ಅದಕ್ಕ ತಳಕ್ಕ ಒಂದು ಹಿಡಿ ಹಳ್ಳು ಹಾಕಿ, ನೆಟ್ಟಗಿನ ಭಾಗ ಶುರುವಾಗೋ ತನಕ ನೀರು ತುಂಬಿ, ಅಲ್ಲಿ ಸೊನ್ನಿ ಗೆರಿ ಎಳೀರಿ. ಹಳ್ಳು ಹಾಕೋದರಿಂದ ಆಷಾಢದ ಗಾಳಿಗೆ ಬಾಟ್ಲಿ ಉರುಳೂದಿಲ್ಲ. ಗೆರಿಯಿಂದ ಮ್ಯಾಲೆ ಮಿಲಿಮೀಟರ್ ಪಟ್ಟಿ, ಅದರ ಮ್ಯಾಲೆ ಪಾರದರ್ಶಕ ಟೇಪು.

ತಪ್ಪಾಗೋದು ಎಲ್ಲಿ ಅಂದ್ರ:

ಒಂದು, ಬಿಸಿಲಿಗೆ ಸೊನ್ನಿ ಗೆರಿ ನೀರೂ ಆರತದ. ದಿನಾ ಓದಿದ ಮ್ಯಾಲೆ ಗೆರಿಗೆ ಸರಿ ಮಾಡಬೇಕು, ಹೆಚ್ಚಿದ್ರ ಚೆಲ್ಲಿ, ಕಡಿಮಿ ಇದ್ರ ತುಂಬಿ. ಇಲ್ಲಂದ್ರ 3 ಮಿ.ಮೀ. ಮಳಿ ಬಂದದ್ದೇ ಕಾಣೂದಿಲ್ಲ. ಎರಡು, ಮಾಳಿಗಿ ಅಂಚಿನ ಕೆಳಗ, ಗಿಡದ ಕೆಳಗ ಇಡೋದು. ಕಟ್ಟಡದ ಎತ್ತರದ ಎರಡು ಪಟ್ಟಾದ್ರೂ ದೂರ ಬೇಕು. ಮೂರು, ಭಾನುವಾರ. ಸೋಮವಾರದ ಅಳತಿ ಎರಡು ದಿನದ್ದು ಅಂತ ಪಟ್ಟಿಯೊಳಗ ಎರಡು ಮನಿ ಕೂಡಿಸಿ ಬರೀಬೇಕು. ನಾಲ್ಕು, ಆಡು. ಸುತ್ತ ನಾಲ್ಕು ಕಲ್ಲು ಇಡ್ರಿ.

ಮೂರನೇ ತರಗತಿಗೆ ಇನ್ನೊಂದು ಮಾತು ಹೇಳಬಹುದು. ಒಂದು ಮಿ.ಮೀ. ಮಳಿ ಅಂದ್ರ ಒಂದು ಚದರ ಮೀಟರ್ ನೆಲಕ್ಕ ಒಂದು ಲೀಟರ್ ನೀರು. ಅಂಗಳದಾಗ ಸೀಮೆಸುಣ್ಣದಿಂದ ಒಂದು ಮೀಟರ್ ಚೌಕ ಎಳೆದು, ಒಂದು ಲೀಟರ್ ಬಾಟ್ಲಿ ನೀರು ಸುರಿಸಿ ತೋರಸ್ರಿ.

ಇನ್ನ ಮಣ್ಣು. ನಿಮ್ಮ ಜಿಲ್ಲಾದಾಗ ಕೆಂಪು ಮಣ್ಣೂ ಅದ, ಎರಿ ಮಣ್ಣೂ ಅದ, ಎರಡೂ ತರಸ್ರಿ. ಒಂದು ಲೀಟರ್ ಬಾಟ್ಲಿಗೆ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು, ಗಟ್ಟಿ ಮುಚ್ಚಿ ನೂರು ಎಣಿಸೋ ತನಕ ಅಲುಗಾಡಿಸಿ ಇಡೋದು. ಉಸುಕು ಒಂದೆರಡು ನಿಮಿಷಕ್ಕ ಕೂಡತದ. ಎರಿ ಮಣ್ಣಿನ ನೀರು ಮರುದಿನಾನೂ ತಿಳಿ ಆಗೂದಿಲ್ಲ. ಆಗ ಚಿಟಿಕಿ ಪಟಕದ ಪುಡಿ ಹಾಕ್ರಿ, ತಿಳಿ ಆಗೋದನ್ನ ಮಕ್ಕಳು ಕುಂತು ನೋಡತಾರ.

ನೀರು ಇಂಗೋ ಪ್ರಯೋಗದಾಗ ಒಂದು ಮೋಸ ಅದ. ಬಾಟ್ಲಿ ಬೋರಲು ಮಾಡಿ, ಬಾಯಿಗೆ ಬಟ್ಟಿ ಕಟ್ಟಿ, 200 ಗ್ರಾಂ ಮಣ್ಣು ಹಾಕಿ, 200 ಮಿ.ಲೀ. ನೀರು ಸುರಿತೀವಿ. ಕೆಂಪು ಮಣ್ಣು ಬೇಗ ಬಿಡತದ, ಎರಿ ಹಿಡಿದಿಟ್ಟುಕೊಳ್ಳತದ ಅಂತ ಹೇಳಿ ಶುರು ಮಾಡಿದ್ರ ಉಲ್ಟಾ ಆಗತದ. ಒಣ ಎರಿ ಹೆಂಟಿ ನಡುವ ಸಂದಿ ಇರತಾವ, ನೀರು ಅಲ್ಲಿಂದ ಸರ್ ಅಂತ ಕೆಳಗ ಹೋಗತದ. ಹೆಂಟಿ ಪುಡಿ ಮಾಡಿ, ಹಿಂದಿನ ದಿನ ಎರಡೂ ಮಣ್ಣಿಗೆ ನೀರು ಕುಡಿಸಿ, ಮರುದಿನ ಅಳತಿ ತಗೋರಿ.

ಹುಳಹುಪ್ಪಟೆ

ಜೀವ ಇರುವ ಪಾಠಗಳ ಬಗ್ಗೆ ನನ್ನದು.

ಶೇಂಗಾ. ನಿಮ್ಮ ಜಿಲ್ಲೆಯ ಬೆಳೆಯೇ ಆದರೂ ಪೇಟೆ ಮಕ್ಕಳಷ್ಟೇ ಅಲ್ಲ, ಹಳ್ಳಿ ಮಕ್ಕಳಲ್ಲೂ ಬಹಳ ಜನ ಶೇಂಗಾ ಬೇರಿನಲ್ಲಿ ಬಿಡುತ್ತದೆ ಅಂದುಕೊಂಡಿರುತ್ತಾರೆ. ಜುಲೈನಲ್ಲಿ ಹಳೆ ಗೊಬ್ಬರದ ಚೀಲ ತೊಳೆದು, ಸಡಿಲ ಕೆಂಪು ಮಣ್ಣು ತುಂಬಿ, ಚೀಲಕ್ಕೆ ನಾಲ್ಕು ಬೀಜ ಹಾಕಿ. ಸುಮಾರು ತಿಂಗಳಿಗೆ ಹಳದಿ ಹೂ. ಆಮೇಲೆ ಹೂ ಬಾಡಿದ ಕಡೆಯಿಂದ ಸೂಜಿಯಂಥದ್ದು ಕೆಳಗಿಳಿದು ಮಣ್ಣು ಹೊಕ್ಕು, ಅದರ ತುದಿ ಕಾಯಾಗುತ್ತದೆ. ಒಂದು ಸೂಜಿಗೆ ಕೆಂಪು ದಾರ ಸಡಿಲವಾಗಿ ಕಟ್ಟಿ ಗುರುತಿಟ್ಟರೆ ನವೆಂಬರ್ ಹೊತ್ತಿಗೆ ಗಿಡ ಕಿತ್ತಾಗ ಆ ದಾರದ ತುದಿಯಲ್ಲೇ ಕಾಯಿ ತೋರಿಸಬಹುದು. ಮಣ್ಣು ಗಟ್ಟಿಯಾದರೆ ಸೂಜಿ ಒಳಗೆ ಇಳಿಯದೆ ಒಣಗುತ್ತದೆ, ಆಗಾಗ ಬೆರಳಿನಿಂದ ಸಡಿಲಿಸಿ.

ಒಂದು ಎಚ್ಚರಿಕೆ, ಇದನ್ನು ಮರೆಯಬೇಡಿ: ಬಿತ್ತನೆಗೆಂದು ಮಾರುವ ಬೀಜಕ್ಕೆ ಔಷಧ ಬಳಿದಿರುತ್ತಾರೆ, ಗುಲಾಬಿಯೋ ಹಸಿರೋ ಬಣ್ಣ ಇರುತ್ತದೆ. ಅದು ಮಕ್ಕಳ ಕೈಗೆ ಹೋಗಲೇಬಾರದು. ಕಿರಾಣಿ ಅಂಗಡಿಯ ಸಿಪ್ಪೆ ಸಮೇತದ ಹಸಿ ಶೇಂಗಾ ತಂದು ನೀವೇ ಸುಲಿಯಿರಿ. ಹುರಿದದ್ದು ತಂದು "ಯಾಕೆ ಮೊಳೆಯಲಿಲ್ಲ" ಅಂತ ಕಾಯಬೇಡಿ. ಬೇಕೆಂದೇ ಒಂದು ಹುರಿದದ್ದು ಹಾಕಿದರೆ ಬೇರೆ ಮಾತು, ಅದೂ ಒಳ್ಳೆಯ ಪಾಠವೇ.

ಮೊಳಕೆ. ಹೆಸರುಕಾಳು 10 ಒಂದು ಗುಂಪಿಗೆ. ಗಾಜಿನ ಅಥವಾ ಪಾರದರ್ಶಕ ಲೋಟದ ಒಳಗೋಡೆಗೆ ಒದ್ದೆ ಹತ್ತಿಬಟ್ಟೆ ಸುತ್ತಿ, ಬಟ್ಟೆಗೂ ಲೋಟಕ್ಕೂ ನಡುವೆ ಕಾಳು ಸಿಕ್ಕಿಸಿ, ತಳದಲ್ಲಿ ಒಂದು ಬೆರಳು ನೀರು. ಆಗ ಬೇರು ಕೆಳಕ್ಕೆ, ಕುಡಿ ಮೇಲಕ್ಕೆ ಹೋಗುವುದು ಹೊರಗಿನಿಂದಲೇ ಕಾಣುತ್ತದೆ. ವಾರದ ಲೆಕ್ಕ: ಸೋಮವಾರ ಸಂಜೆ ನೆನೆಹಾಕಿ, ಮಂಗಳವಾರ ಬೆಳಿಗ್ಗೆ ಲೋಟಕ್ಕೆ, ಬುಧ–ಗುರುವಾರ ಬೇರು, ಶನಿವಾರದ ಬೆಳಗಿನ ಶಾಲೆಗೆ ಅಳತೆ. ಗುರುವಾರ ಶುರುಮಾಡಿದರೆ ಮುಖ್ಯವಾದದ್ದೆಲ್ಲ ಭಾನುವಾರ ನಡೆದುಹೋಗುತ್ತದೆ. ವಾಸನೆ ಬಂದರೆ ನೀರು ಜಾಸ್ತಿಯಾಗಿದೆ ಅಂತ. ಬೂಷ್ಟು ಬಂದ ಲೋಟವನ್ನು ಎಸೆಯಿರಿ, ಮಕ್ಕಳು ಮೂಸುವುದು ಬೇಡ.

ನಾಲ್ಕು ಲೋಟ ಮಾಡಿ: ಒಣ, ಒದ್ದೆ, ಪೂರ್ತಿ ಮುಳುಗಿದ್ದು, ಒದ್ದೆಯಾಗಿಯೇ ಡಬ್ಬಿಯೊಳಗೆ ಕತ್ತಲಲ್ಲಿಟ್ಟದ್ದು. ಮುಳುಗಿದ್ದು ಉಬ್ಬಿ, ಚೂರು ಬಿರಿದು, ನಿಂತುಹೋಗಿ ಕೊಳೆಯುತ್ತದೆ. ನಿಜವಾದ ತೊಡಕು ಕತ್ತಲಿನದು. ಐದನೇ ದಿನಕ್ಕೆ ಕತ್ತಲೆಯ ಸಸಿಯೇ ಎಲ್ಲಕ್ಕಿಂತ ಉದ್ದ ಇರುತ್ತದೆ. "ಕತ್ತಲಲ್ಲೇ ಚೆನ್ನಾಗಿ ಬೆಳೆಯುತ್ತೆ ಮಿಸ್" ಅಂತ ಮಕ್ಕಳು ಹೇಳುತ್ತಾರೆ, ಅವರು ಕಂಡದ್ದು ಸರಿಯೇ. ತಿದ್ದಬೇಡಿ. "ಬಣ್ಣ ಯಾವುದು? ದಂಟು ದಪ್ಪ ಇದೆಯಾ? ಎಲೆ ಎಷ್ಟು ದೊಡ್ಡದು?" ಅಂತ ಕೇಳಿ ಇನ್ನೊಂದು ವಾರ ಇಡಿ. ಬಿಳಿಚಿದ ಸಸಿ ತಾನಾಗಿ ಬಗ್ಗಿ ಬೀಳುತ್ತದೆ. ಬಹಳ ಕಡೆ ಐದನೇ ದಿನಕ್ಕೆ ಪ್ರಯೋಗ ಮುಗಿಸಿ, ಕಣ್ಣೆದುರಿನ ಫಲಿತಾಂಶಕ್ಕೆ ವಿರುದ್ಧವಾದ ವಾಕ್ಯವನ್ನು ಬೋರ್ಡಿನ ಮೇಲೆ ಬರೆಸುತ್ತಾರೆ. ಮಕ್ಕಳು ಕಲಿಯುವುದು ಒಂದೇ, ನೋಡಿದ್ದಕ್ಕಿಂತ ಬೋರ್ಡು ದೊಡ್ಡದು ಅಂತ.

ಚಿಟ್ಟೆ. ಆಗಸ್ಟ್–ಸೆಪ್ಟೆಂಬರ್, ಕರಿಬೇವಿಗೆ, ನಿಂಬೆಗೆ ಹೊಸ ಚಿಗುರು ಬಂದಾಗ. ಚಿಕ್ಕ ಮರಿಹುಳು ಹಕ್ಕಿ ಹಿಕ್ಕೆಯಂತೆ ಕಂದು–ಬಿಳಿ ಇರುತ್ತದೆ, ದೊಡ್ಡದಾದ ಮೇಲೆ ಹಸಿರು. ಒಂದು ಭರಣಿಗೆ ಎರಡೇ ಹುಳು. ಭರಣಿ ಅಗಲ ಬಾಯಿಯದು, ಬಾಯಿಗೆ ಸೊಳ್ಳೆಪರದೆ ಬಟ್ಟೆ, ರಬ್ಬರ್ ಬ್ಯಾಂಡ್. ದಿನಾ ಹೊಸ ಎಲೆ, ಹಿಕ್ಕೆ ತೆಗೆಯುವುದು, ಇವೆರಡು ತಪ್ಪಿದರೆ ಬೂಷ್ಟು ಬಂದು ಹುಳು ಸಾಯುತ್ತದೆ. ರೆಂಬೆಯನ್ನು ತೆರೆದ ನೀರಿನ ಲೋಟದಲ್ಲಿ ನಿಲ್ಲಿಸಬೇಡಿ, ಹುಳು ಇಳಿದು ಮುಳುಗುತ್ತದೆ. ಬುಡಕ್ಕೆ ಒದ್ದೆ ಹತ್ತಿ ಸುತ್ತಿ. ಔಷಧ ಹೊಡೆದ ಗಿಡದ ಎಲೆ ಒಂದೇ ದಿನಕ್ಕೆ ಎಲ್ಲವನ್ನೂ ಮುಗಿಸುತ್ತದೆ. ಓರೆಯಾಗಿ ಒಂದು ಕಡ್ಡಿ ಇಟ್ಟರೆ ಅದರ ಮೇಲೆ ಕೋಶ ಕಟ್ಟುತ್ತದೆ. ಹೊರಬಂದ ಚಿಟ್ಟೆಗೆ ರೆಕ್ಕೆ ಬಿಚ್ಚಿ ಒಣಗಿಸಲು ಜಾಗ ಇರಬೇಕು, ಇಕ್ಕಟ್ಟಾದರೆ ರೆಕ್ಕೆ ಸುಕ್ಕಾಗಿಯೇ ಗಟ್ಟಿಯಾಗುತ್ತದೆ. ಕೆಲವು ಕೋಶದಿಂದ ಚಿಟ್ಟೆಯ ಬದಲು ಪುಟ್ಟ ಕಣಜ ಬರುತ್ತದೆ. ಅದು ನಿಮ್ಮ ತಪ್ಪಲ್ಲ, ಹುಳುವಿನೊಳಗೆ ಮೊದಲೇ ಮೊಟ್ಟೆ ಇಟ್ಟಿರುತ್ತದೆ. ಹಾಗಾಗಿ ಎರಡು ಮೂರು ಭರಣಿ ಇರಲಿ.

ಎಕ್ಕದ ಗಿಡದ ಪಟ್ಟೆ ಹುಳು ಸುಲಭವಾಗಿ ಸಿಗುತ್ತದೆ, ಆದರೆ ಎಕ್ಕದ ಹಾಲು ಕಣ್ಣಿಗೆ ಅಪಾಯ. ಎಲೆ ಕೀಳುವುದು ನೀವು ಮಾತ್ರ. ಕಂಬಳಿಹುಳು ಯಾರೂ ಮುಟ್ಟುವುದಿಲ್ಲ ಅನ್ನುವುದು ಮೊದಲ ದಿನದ ಮೊದಲ ಮಾತು.

ಕೆಂಪುಮಣ್ಣು ಟೀಚರ್

ಎಲ್ಲರಿಗೂ ಧನ್ಯವಾದ. ಆಗಸ್ಟ್ 15ರ ವಿಷಯ ಗೊತ್ತೇ ಇರಲಿಲ್ಲ. ಇನ್ನು ಎರಡು ಕೇಳಬೇಕು. ತಟ್ಟೆಯಲ್ಲಿ ನೀರು, ಉರಿಯುವ ಮೇಣದಬತ್ತಿ, ಮೇಲೆ ಲೋಟ ಮುಚ್ಚುವ ಪ್ರಯೋಗ ಎಲ್ಲರ ಪಟ್ಟಿಯಲ್ಲೂ ಇದೆ, ಇಡಲೇ? ಮತ್ತೆ, ಒಂದನೇ ತರಗತಿಗೆ ಅಕ್ಷರವೇ ಬರುವುದಿಲ್ಲ, ಮೂರನೆಯವರು ಪಟ್ಟಿ ಬರೆಯಬಲ್ಲರು. ದಾಖಲೆ ಹೇಗೆ?

ಸೀಮೆಸುಣ್ಣ

ಮೇಣದಬತ್ತಿ ಬಿಡಿ ಮೇಡಂ. ಬೆಂಕಿ ಅನ್ನುವುದು ಒಂದು ಕಾರಣ. ದೊಡ್ಡ ಕಾರಣ, ಅದಕ್ಕೆ ಎಲ್ಲರೂ ಹೇಳುವ ವಿವರಣೆ ಸರಿಯಿಲ್ಲ. "ಆಮ್ಲಜನಕ ಖರ್ಚಾಯಿತು, ಆ ಜಾಗಕ್ಕೆ ನೀರು ಏರಿತು" ಅನ್ನುತ್ತಾರೆ. ಉರಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದಲ್ಲ, ಅದೂ ಜಾಗ ಹಿಡಿಯುತ್ತದೆ. ನೀರು ಮುಖ್ಯವಾಗಿ ಏರುವುದು ಲೋಟದೊಳಗಿನ ಬಿಸಿ ಗಾಳಿ ಬತ್ತಿ ಆರಿದ ಮೇಲೆ ತಣ್ಣಗಾಗಿ ಕುಗ್ಗುವುದರಿಂದ. ಗಮನಿಸಿದರೆ ನೀರು ಸರ್ರನೆ ಏರುವುದು ಬತ್ತಿ ಆರಿದ ಮೇಲೆಯೇ. ಇದನ್ನು ಏಳು ವರ್ಷದವರಿಗೆ ಬಿಡಿಸಿ ಹೇಳಲಾಗದು, ತಪ್ಪು ಹೇಳುವುದಕ್ಕಿಂತ ಬೇರೆ ಮಾಡುವುದು ಮೇಲು. ಗಾಳಿ ತುಂಬಿದ ಎರಡು ಬಲೂನು ಕೋಲಿಗೆ ಕಟ್ಟಿ ಒಂದನ್ನು ಒಡೆದು "ಗಾಳಿಗೆ ತೂಕವಿದೆ" ಅನ್ನುವುದೂ ಹಾಗೆಯೇ. ವ್ಯತ್ಯಾಸ ಎಷ್ಟು ಕಡಿಮೆಯೆಂದರೆ ಕೋಲಿನ ಗಂಟು ಒಂಚೂರು ಜರುಗಿದರೂ ಫಲಿತಾಂಶ ತಿರುಗುಮುರುಗು.

ಬದಲಿಗೆ ಲೋಟದ ತಳಕ್ಕೆ ಕಾಗದದ ಉಂಡೆ ಬಿಗಿಯಾಗಿ ತುರುಕಿ, ಬೋರಲು ಮಾಡಿ ಬಕೆಟ್ ನೀರಿಗೆ ನೆಟ್ಟಗೆ ಒತ್ತಿ, ನೆಟ್ಟಗೇ ತೆಗೆಯಿರಿ. ಕಾಗದ ಒಣಗಿಯೇ ಇರುತ್ತದೆ. ಆಮೇಲೆ ಬೇಕೆಂದೇ ಓರೆ ಮಾಡಿ, ಗುಳ್ಳೆ ಹೊರಬರುವುದನ್ನು ನೋಡಲಿ. ಉಂಡೆ ಸಡಿಲವಾಗಿದ್ದರೆ ಜಾರಿ ನೀರಿಗೆ ಬೀಳುತ್ತದೆ.

ಮೂರು ತರಗತಿ ಹೊಂದಿಸಲು ಚಟುವಟಿಕೆ ಒಂದೇ ಇರಲಿ, ಅಳತೆ ಮಾತ್ರ ಬೇರೆ. ಒಂದನೆಯವರು ವಿಂಗಡಿಸಿ, ಬಾಯಲ್ಲಿ ಹೇಳಿ, ಚಿತ್ರ ಬಿಡಿಸುತ್ತಾರೆ. ಎರಡನೆಯವರು ಪಟ್ಟಿ ಕಾಗದದಿಂದ ಅಳೆಯುತ್ತಾರೆ: ಸಸಿಯ ಎತ್ತರಕ್ಕೆ ಸರಿಯಾಗಿ ಕಾಗದ ಕತ್ತರಿಸಿ, ದಿನಾಂಕ ಬರೆದು, ಒಂದರ ಪಕ್ಕ ಒಂದು ಅಂಟಿಸಿದರೆ ಹತ್ತು ದಿನಕ್ಕೆ ಅದೇ ಕಂಬ ನಕ್ಷೆ. ಬುಡ ಒಂದೇ ಗೆರೆಯ ಮೇಲೆ ಬರಬೇಕು, ಅದೊಂದನ್ನು ನೋಡಿಕೊಳ್ಳಿ. ಮೂರನೆಯವರು ಸ್ಕೇಲಿನಲ್ಲಿ ಸೆಂ.ಮೀ. ಅಳೆದು ಪಟ್ಟಿ ಮಾಡುತ್ತಾರೆ. ಸ್ಕೇಲಿನ ಅಂಚಿನಿಂದ ಅಳೆಯುತ್ತಾರೆ, ಸೊನ್ನೆ ಅಂಚಿನಿಂದ ಚೂರು ಒಳಗಿರುತ್ತದೆ, ಮೊದಲ ವಾರ ಇದೇ ತಪ್ಪು. ಗುಂಪಿಗೆ ಐದಾರು ಮಕ್ಕಳು, ಮೂರೂ ತರಗತಿ ಬೆರೆತಂತೆ. ಸುರಿಯುವ, ಹಾಕುವ ಕೆಲಸ ಒಂದನೆಯವರಿಗೇ ಕೊಡಿ, ಇಲ್ಲದಿದ್ದರೆ ದೊಡ್ಡವರೇ ಎಲ್ಲ ಮಾಡಿ ಮುಗಿಸುತ್ತಾರೆ.

ಊಹೆ ಮೊದಲು. ಮುಳುಗು–ತೇಲು ಮಾಡುವಾಗ ಪ್ರತಿ ವಸ್ತುವಿಗೂ ಮಕ್ಕಳು ಒಂದೊಂದು ಹುಣಸೆಬೀಜವನ್ನು "ಮುಳುಗುತ್ತೆ" ಅಥವಾ "ತೇಲುತ್ತೆ" ಡಬ್ಬಿಗೆ ಹಾಕಲಿ. ನೆಲದ ಮೇಲೆ ವೃತ್ತ ಬರೆದು ಹಾಕಿಸಿದರೆ ಜಾಣ ಹುಡುಗಿ ಎಲ್ಲಿ ಹಾಕಿದಳೋ ಎಲ್ಲರೂ ಅಲ್ಲೇ. ವಸ್ತುಗಳ ಆಯ್ಕೆಯಲ್ಲಿ "ಭಾರದ್ದು ಮುಳುಗುತ್ತೆ" ಅನ್ನುವ ನಂಬಿಕೆ ಅಲುಗಬೇಕು: ಇಡೀ ತೆಂಗಿನಕಾಯಿ ತೇಲುತ್ತದೆ, ಗುಂಡುಸೂಜಿ ಮುಳುಗುತ್ತದೆ. ಸಿಪ್ಪೆ ಇರುವ ಕಿತ್ತಳೆ ತೇಲುತ್ತದೆ, ಸುಲಿದದ್ದು ಮುಳುಗುತ್ತದೆ. ತಾಜಾ ಮೊಟ್ಟೆ ನೀರಿನಲ್ಲಿ ಮುಳುಗುತ್ತದೆ, 200 ಮಿ.ಲೀ. ನೀರಿಗೆ ಮೂರು ದೊಡ್ಡ ಚಮಚ ಉಪ್ಪು ಪೂರ್ತಿ ಕರಗಿಸಿದರೆ ಮೇಲೆ ಬರುತ್ತದೆ. ಹಳೆಯ ಮೊಟ್ಟೆ ಬರೀ ನೀರಿನಲ್ಲೇ ತೇಲಿ ಮಾನ ಕಳೆಯುತ್ತದೆ, ಹಿಂದಿನ ದಿನ ಪರೀಕ್ಷಿಸಿಕೊಳ್ಳಿ.

ದಾಖಲೆಗೆ ತೆಳು ನೋಟ್‌ಬುಕ್ ಒಂದು. ದಿನಾಂಕ, ಚಿತ್ರ, ಒಂದು ಮಾತು. ಮಾತನ್ನು ಒಂದನೆಯವರಿಗೆ ಮೂರನೆಯವರು ಬರೆದುಕೊಡಲಿ. ಚಿತ್ರದಲ್ಲಿ ಒಂದು ಕಾಟ ಇದೆ: ಮೊಳಕೆ ಎದುರಿಗಿದ್ದರೂ ಐದೆಸಳಿನ ಹೂವಿನ ಗಿಡ ಬರೆಯುತ್ತಾರೆ. "ಚೆನ್ನಾಗಿ ಬರೆ" ಅಂದರೆ ಸುಧಾರಿಸದು. "ಬೇರು ಎಷ್ಟಿವೆ? ಎಣಿಸಿ ಅಷ್ಟೇ ಬರೆ" ಅನ್ನಿ. ಜೂನ್‌ನ ಚಿತ್ರ, ಫೆಬ್ರುವರಿಯ ಚಿತ್ರ ಪಕ್ಕಪಕ್ಕ ಇಟ್ಟರೆ ಮೌಲ್ಯಮಾಪನಕ್ಕೆ ಬೇರೆ ಪುರಾವೆ ಬೇಕಿಲ್ಲ.

ಹುಳಹುಪ್ಪಟೆ

ಅಯಸ್ಕಾಂತದ್ದು ಯಾರೂ ಹೇಳಲಿಲ್ಲ, ಎರಡೇ ಮಾತು. ರೇಡಿಯೋ ರಿಪೇರಿಯವರ ಹತ್ತಿರ ಕೆಟ್ಟ ಸ್ಪೀಕರಿನ ಉಂಗುರ ಅಯಸ್ಕಾಂತ ಸಿಗುತ್ತದೆ, ಅದು ಸಾಕು. ಹೊಳೆಯುವ ಪುಟ್ಟ ಗುಂಡಿಯಂಥವು ಬೇಡವೇ ಬೇಡ. ಎರಡು ನುಂಗಿದರೆ ಕರುಳಿನ ಗೋಡೆ ನಡುವೆ ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಶಸ್ತ್ರಚಿಕಿತ್ಸೆಯೇ ಗತಿ. ಮಣ್ಣಿನಲ್ಲಿ ಆಡಿಸುವ ಮುಂಚೆ ಪ್ಲಾಸ್ಟಿಕ್ ಚೀಲ ಸುತ್ತಿ, ಆಗ ಅಂಟಿದ ಕಪ್ಪು ಪುಡಿ ಚೀಲ ಬಿಚ್ಚಿದ ಕೂಡಲೇ ಉದುರುತ್ತದೆ. 1 ರೂಪಾಯಿ ಸ್ಟೀಲ್ ನಾಣ್ಯ ಅಂಟುತ್ತದೆ, ಹಿತ್ತಾಳೆ ಬಣ್ಣದ 5 ರೂಪಾಯಿ ಅಂಟುವುದಿಲ್ಲ. ಬಿಸಿಯೂಟದ ತಟ್ಟೆಗಳಲ್ಲಿ ಕೆಲವು ಅಂಟುತ್ತವೆ, ಕೆಲವು ಇಲ್ಲ, ಎರಡೂ ಸ್ಟೀಲೇ. ಹಾಗಾಗಿ "ಲೋಹವೆಲ್ಲ ಅಂಟುತ್ತದೆ" ಅಂತ ಬರೆಸಬೇಡಿ.

ಕೆಂಪುಮಣ್ಣು ಟೀಚರ್

ಸದ್ಯಕ್ಕೆ ಹೀಗೆ ಬರೆದಿದ್ದೇನೆ. ಜೂನ್: ಮಳೆಮಾಪಕ ಶುರು, ಗಾಳಿ ಇರುವ ಲೋಟ. ಜುಲೈ: ಗಿರಗಿಟ್ಟಲೆ, ಶೇಂಗಾ ಚೀಲ, ಮಡಕೆ ನೀರು ಯಾಕೆ ತಣ್ಣಗೆ. ಆಗಸ್ಟ್: ಮೊಳಕೆ, ನೆರಳು, ಚಿಟ್ಟೆ. ಸೆಪ್ಟೆಂಬರ್: ಮಣ್ಣು, ಇಂಗುವ ನೀರು, ಎರಡನೇ ನೆರಳು. ದೀಪಾವಳಿ ನಂತರ ಚಂದ್ರ, ಶೇಂಗಾ ಕೀಳುವುದು. ಡಿಸೆಂಬರ್: ಮೂರನೇ ನೆರಳು, ಮುಳುಗು–ತೇಲು. ಜನವರಿ: ಅಯಸ್ಕಾಂತ. ಫೆಬ್ರುವರಿ: ಅರಿಶಿನ–ಸುಣ್ಣದ ಓಕುಳಿ. ಮಾರ್ಚ್: ಪುನರಾವರ್ತನೆ.

ಎರಿಹೊಲ

ಮಡಕಿ ಜುಲೈದಾಗ ಬ್ಯಾಡ್ರಿ, ಮಾರ್ಚ್‌ಗೆ ಒಯ್ರಿ. ಜುಲೈದಾಗ ಗಾಳಿ ಇದ್ದರೂ ಅದರಾಗ ಥಂಡಿ ತೇವ ಇರತದ, ಮಡಕಿ ಬೆವರು ಲಗೂನ ಆರೂದಿಲ್ಲ, ನೀರು ಅಷ್ಟು ತಣ್ಣಗಾಗೂದಿಲ್ಲ. ಮಾರ್ಚ್‌ನ ಒಣ ಬಿಸಿಲಿಗೆ ಸ್ಟೀಲ್ ಬಿಂದಿಗಿ, ಮಡಕಿ ಎರಡೂ ನೆರಳಿನಾಗ ಇಟ್ಟು ಎರಡು ತಾಸು ಬಿಟ್ಟು ಕೈ ಹಾಕಿಸ್ರಿ. ಹೊಸ ಮಡಕಿ ಆದ್ರ ಒಂದು ದಿನ ಮೊದಲು ನೀರು ತುಂಬಿ ಇಡಬೇಕು. ಬಣ್ಣ ಬಳಿದ ಮಡಕಿ ನಡೆಯೂದಿಲ್ಲ, ತೂತು ಮುಚ್ಚಿರತಾವ.

ಸೀಮೆಸುಣ್ಣ

ಓಕುಳಿಗೆ ಸುಣ್ಣ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ತಾಗಿದರೆ ಸುಡುತ್ತದೆ. ಬಟ್ಟೆ ಸೋಪಿನ ನೀರಿಗೂ ಅರಿಶಿನ ಕೆಂಪಾಗುತ್ತದೆ. ಕಾಲು ಲೋಟ ನೀರಿಗೆ ಒಂದು ಚಮಚ ಅರಿಶಿನ ಕಲಸಿ, ಬಿಳಿ ಕಾಗದಕ್ಕೆ ಬಳಿದು ನೆರಳಲ್ಲಿ ಒಣಗಿಸಿ ಪಟ್ಟಿ ಕತ್ತರಿಸಿ. ಕಡ್ಡಿಗೆ ಹತ್ತಿ ಸುತ್ತಿ ಸೋಪಿನ ನೀರಲ್ಲಿ ಅದ್ದಿ ಹೆಸರು ಬರೆಯಲಿ, ಅಕ್ಷರ ಕೆಂಪಾಗಿ ಮೂಡುತ್ತದೆ. ನಿಂಬೆರಸ ಹಚ್ಚಿದರೆ ಮತ್ತೆ ಹಳದಿ. ಬಿಸಿಲಿಗೆ ಇಟ್ಟ ಅರಿಶಿನ ಕಾಗದ ಮಾಸುತ್ತದೆ, ಹಿಂದಿನ ದಿನವೇ ಮಾಡಿಟ್ಟು ಪುಸ್ತಕದೊಳಗೆ ಮುಚ್ಚಿಡಿ.